ಉಡಿ ತುಂಬಿ ಕಳಿಸಿದ ಮೇಲೆ

ಮಾಯಾಳ ಉಡಿ ತುಂಬಿದ ದಿನ, ತಾನು ಮಾಡುತ್ತಿರುವುದು ಒಳ್ಳೆಯ ಕೆಲಸ ಎಂಬುದರಲ್ಲಿ ಕಾಂತಾಬಾಯಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಹಸಿರು ಕುಪ್ಪಸದ ಬಟ್ಟೆ ಎಲ್ಲವನ್ನೂ ಅವಳ ಸೆರಗಿಗೆ ಹಾಕಿ, ಹಣೆಗೆ ಕುಂಕುಮ ಹಚ್ಚಿ, ಭಾಲ್ಕಿಯಲ್ಲಿ ನಿನ್ನ ಕೈ ಮೇಲಾಗಲಿ ಎಂದು ಹರಸಿದ್ದಳು. ತವರಿನಿಂದ ಹೊರಡುವ ಮಗಳಿಗೆ ಮಾಡುವುದನ್ನು ಕೆಲಸಕ್ಕಿದ್ದ ಹೆಣ್ಣುಮಗಳಿಗೆ ಯಾರು ಮಾಡುತ್ತಾರೆ ಎಂದು ಬೀದರಿನ ಮೈಲೂರು ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದ್ದರು. ಮಾಯಾ ಬಗ್ಗಿ ಕಾಲು ಮುಟ್ಟಿದಳು. ಸೆರಗಿನ ಗಂಟನ್ನು ಹೊಟ್ಟೆಗೆ ಅವಚಿಕೊಂಡು ಟಂಟಂ ಆಟೋ ಹತ್ತಿದಳು. ತಿರುಗಿ ನೋಡಲಿಲ್ಲ. ಅಳು ಬಂದಿರಬೇಕು, ಪಾಪ, ಎಂದುಕೊಂಡಳು ಕಾಂತಾಬಾಯಿ.

ಅನುಮಾನ ಶುರುವಾದದ್ದು ಅದಾದ ಇಪ್ಪತ್ತೆರಡನೆಯ ದಿನ, ಭಾಲ್ಕಿಯ ಖಾನಾವಳಿಯ ದತ್ತಾತ್ರಿ ಫೋನು ಮಾಡಿದಾಗ.

"ಅಕ್ಕೋರ, ನಿಮ್ಮ ಮಾಯಾ ಖೋಲಿ ಕೀಲಿ ಕೊಟ್ಟು ಹೋಗಿಬಿಟ್ಟಾಳ್ರಿ."

"ಎಲ್ಲಿಗಿ?"

"ನಿಮ್ಮ ಕಡೀಗೇ ಬಂದಿರ್ಬೇಕು ಅಂತ ನಾ ತಿಳಕೊಂಡೀನಿ. ಬಂದಿಲ್ಲೇನ್ರಿ?"

ಬಂದಿರಲಿಲ್ಲ. ಕಾಂತಾಬಾಯಿ ಹಿಟ್ಟು ಮೆತ್ತಿದ ಕೈಯಲ್ಲೇ ಮಾಯಾಳಿಗೆ ಫೋನು ಹಚ್ಚಿದಳು. ಗಂಟೆ ಹೊಡೆದು ಹೊಡೆದು ನಿಂತಿತು.

ಮಾಯಾ ನಾಲ್ಕು ವರ್ಷದ ಹಿಂದೆ ಔರಾದಿನಿಂದ ಬಂದವಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊರಗೆ ಹಾಕಿದ್ದ. ಕಾಂತಾಬಾಯಿಯ ಮನೆಯ ಪಡಸಾಲೆಯಲ್ಲಿ ಆಗಲೇ ಮೂವರು ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಬೀದರಿನ ಹೋಟೆಲು, ಖಾನಾವಳಿ, ಮದುವೆ ಮನೆಗಳಿಗೆ ಆ ರೊಟ್ಟಿಗಳನ್ನು ಕಾಂತಾಬಾಯಿಯ ಗಂಡ ಹಣಮಂತಪ್ಪ ಮೊಪೆಡ್ಡಿನ ಮೇಲೆ ಮುಟ್ಟಿಸಿ ಬರುತ್ತಿದ್ದ. ಬಂದ ಹೊಸದರಲ್ಲಿ ಮಾಯಾಳ ರೊಟ್ಟಿ ಅಂಚಿಗೆ ಒಡೆಯುತ್ತಿತ್ತು. ಕಾಂತಾಬಾಯಿ ಪಕ್ಕದಲ್ಲೇ ಕೂರಿಸಿಕೊಂಡು, ಅವಳ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು, ಬಡಿತ ಕಲಿಸಿದಳು. ಚಿಕ್ಕಮ್ಮನನ್ನು ಕರೆದಂತೆ ಮಾಯಾ ಅವಳನ್ನು ಮೌಶಿ ಎಂದು ಕರೆಯತೊಡಗಿದಳು. ಎರಡನೆಯ ವರ್ಷಕ್ಕೆ ಮಾಯಾಳ ರೊಟ್ಟಿ ಹಂಚಿನ ಮೇಲೆ ಒಂದೇ ಉಸಿರಿಗೆ ಉಬ್ಬತೊಡಗಿತು. ನಾಲ್ಕನೆಯ ವರ್ಷಕ್ಕೆ ಹಳೆ ಊರಿನ ಹೋಟೆಲಿನ ಜುಲ್ಫೀಕಾರ ತಾನೇ ಮನೆಗೆ ಬಂದು ಬುಟ್ಟಿಯೊಳಗಿನ ಒಂದು ರೊಟ್ಟಿ ಎತ್ತಿ ಹಿಡಿದು ಹೇಳಿದ್ದ: "ಕಾಂತಾಬಾಯಿ, ಇದು ಯಾರ ಕೈ ರೊಟ್ಟಿ ಅದನೋ ಆಕೀದೇ ನಮಗ ಕಳಸ್ರಿ. ನಿಮ್ಮ ಕೈದು ಚಲೋನೇ ಅದ, ನಾ ಇಲ್ಲ ಅನ್ನಂಗಿಲ್ಲ. ಖರೆ ನಮ್ಮ ಗಿರಾಕಿ ಇದನ್ನೇ ಕೇಳ್ತಾರ."

ಕಾಂತಾಬಾಯಿ ನಕ್ಕಿದ್ದಳು. ಹೆಮ್ಮೆಯಿಂದಲೇ ನಕ್ಕಿದ್ದಳು ಎಂದು ಅವಳಿಗೆ ನೆನಪು.

ಆ ಮಾತಾಗಿ ಮೂರು ವಾರಕ್ಕೆ ಭಾಲ್ಕಿಯ ದತ್ತಾತ್ರಿಗೆ ರೊಟ್ಟಿಯವರು ಬೇಕಾಗಿದೆ ಎಂದು ಹಣಮಂತಪ್ಪ ಎಲ್ಲಿಂದಲೋ ಕೇಳಿಕೊಂಡು ಬಂದ. ಖಾನಾವಳಿಯ ಹಿಂದೆ ಒಂದು ಖೋಲಿ, ಒಲೆ, ನಲ್ಲಿ. ಸ್ವಂತ ಕೆಲಸ, ಸ್ವಂತ ಹೆಸರು. ಇದು ಮಾಯಾಳಿಗೆ ಎಂದು ಕಾಂತಾಬಾಯಿಗೆ ತಕ್ಷಣ ಅನ್ನಿಸಿತು. ಎಷ್ಟು ದಿನ ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ ಕೂರುವುದು. ಅವಳೇ ಮಾತಾಡಿದಳು, ಅವಳೇ ಹೋಗಿ ಖೋಲಿ ನೋಡಿದಳು, ಅವಳೇ ದಿನ ಗೊತ್ತು ಮಾಡಿದಳು. ಎಲ್ಲ ಆದ ಮೇಲೆ ಮಾಯಾಳಿಗೆ ಹೇಳಿದಾಗ ಮಾಯಾ ಹಿಟ್ಟಿನಿಂದ ಕಣ್ಣೆತ್ತದೆ, "ಹೂಂ ಮೌಶಿ" ಎಂದಿದ್ದಳು.

ದತ್ತಾತ್ರಿಯ ಫೋನು ಬಂದ ಮಧ್ಯಾಹ್ನ ಕಾಂತಾಬಾಯಿ ಪಕ್ಕದ ಮನೆಗೆ ಹೋದಳು. ರುಖ್ಸಾರ ಮಷೀನಿನ ಮುಂದೆ ಕೂತು ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಹದಿನೆಂಟು ವರ್ಷದ ನೆರೆ. ಇಬ್ಬರ ನಡುವೆ ಮುಚ್ಚುಮರೆ ಉಳಿದಿರಲಿಲ್ಲ.

"ಖೋಲಿ ಬಿಟ್ಟು ಹೋಗ್ಯಾಳಂತ. ಇಲ್ಲೀಗೂ ಬಂದಿಲ್ಲ. ಆಕೀಗೇನ್ ಕಡಿಮಿ ಮಾಡೀನಿ ಹೇಳ."

ರುಖ್ಸಾರ ಹಲ್ಲಿನಿಂದ ದಾರ ಕಡಿದಳು. "ಕಡಿಮಿ ಎಲ್ಲಿ ಮಾಡೀದಿ. ಜಾಸ್ತೀನೇ ಮಾಡೀದಿ. ಮದವಿ ಬರಾತ್ ಒಂದೇ ಬಾಕಿ ಇತ್ತು."

"ಚೇಷ್ಟಿ ಮಾಡಬ್ಯಾಡ."

"ಚೇಷ್ಟಿ ಅಲ್ಲ. ಒಂದು ಮಾತು ಕೇಳ್ತೇನಿ, ಸಿಟ್ಟಿಗಿ ಬರಬ್ಯಾಡ. ಆ ಜುಲ್ಫೀಕಾರ ಬಂದು ಹಂಗ ಅನ್ನಲಿಲ್ಲಂದ್ರ, ನೀ ಆಕೀನ್ನ ಕಳಸ್ತಿದ್ದೇನು?"

"ಕಳಸ್ತಿದ್ದೆ" ಎಂದಳು ಕಾಂತಾಬಾಯಿ. ಆಮೇಲೆ, "ಯಾಕ ಕಳಸ್ತಿರಲಿಲ್ಲ?" ಎಂದಳು. ಎರಡನೆಯ ಮಾತು ಮೊದಲನೆಯದನ್ನು ಅರ್ಧ ಅಳಿಸಿಹಾಕಿದಂತೆ ಅವಳಿಗೇ ಕೇಳಿಸಿತು.

"ಕಳಸಿದ್ದು ಒಳ್ಳೇದಕ್ಕೇ," ರುಖ್ಸಾರ ಮಷೀನಿನ ಗಾಲಿ ತಿರುವಿದಳು. "ಯಾರ ಒಳ್ಳೇದಕ್ಕ, ಅದು ನನಗೂ ತಿಳೀವಲ್ದು. ನಿನಗ ತಿಳದ್ರ ಬಂದು ಹೇಳ."

ಆಮೇಲೆ ಸಂಜೆಯ ತನಕ ಕಾಂತಾಬಾಯಿಯ ಕೈ ಸುಮ್ಮನೆ ಬಡಿಯುತ್ತಿತ್ತು, ತಲೆ ಬೇರೆ ಕಡೆ ಇತ್ತು. ಮಾಯಾ ಹೋದ ಮೇಲೆ ಜುಲ್ಫೀಕಾರ ಎರಡು ಸಲ ಗೊಣಗಿದ್ದ. ಹಾಗಾದರೆ ಈಗ ಅವಳನ್ನು ಹುಡುಕಿ ಕರೆತರಬೇಕು ಅನ್ನಿಸುತ್ತಿರುವುದು ಅವಳ ಚಿಂತೆಯಿಂದಲೋ, ಜುಲ್ಫೀಕಾರನ ಗೊಣಗಿನಿಂದಲೋ? ಕಳಿಸುವಾಗಲೂ ಒಳ್ಳೆಯದು ಅನ್ನಿಸಿತ್ತು, ಕರೆಯುವುದೂ ಒಳ್ಳೆಯದು ಅನ್ನಿಸುತ್ತಿದೆ. ಎರಡೂ ಹೇಗೆ ಒಳ್ಳೆಯದಾದೀತು? ತನ್ನ ಮನಸ್ಸು ತನಗೇ ಕೈಕೊಡುತ್ತಿದೆಯಲ್ಲ ಎಂದು ಅವಳಿಗೆ ಒಂಥರಾ ಹೆದರಿಕೆಯಾಯಿತು.

ಮರುದಿನ ಮುಂಜಾನೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಭಾಲ್ಕಿಯ ಬಸ್ಸು ಹತ್ತಿದಳು. ಆಧಾರ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಇಸಿದುಕೊಂಡಳು. ಪಕ್ಕದಲ್ಲಿ ಮುದುಕಿಯೊಬ್ಬಳು ಮಗಳ ಬಾಣಂತನಕ್ಕೆ ಹೊರಟಿದ್ದಳು. ದಾರಿಯುದ್ದಕ್ಕೂ ಸೊಸೆಯನ್ನು ಬೈದಳು, ಮಗಳನ್ನು ಹೊಗಳಿದಳು. ಕಾಂತಾಬಾಯಿ ಹೂಂ ಹೂಂ ಎನ್ನುತ್ತ ಕೂತಳು.

ದತ್ತಾತ್ರಿ ಒಳ್ಳೆಯ ಮನುಷ್ಯ. ಅವಳನ್ನು ಕೂರಿಸಿ, ಚಹಾ ತರಿಸಿ, ಹಿಂದಿನ ಖೋಲಿಯ ಬಾಗಿಲು ತೆಗೆದು ತೋರಿಸಿದ. ಎಲ್ಲ ಒಪ್ಪವಾಗಿತ್ತು. ಹಿಟ್ಟು ನಾದುವ ಪರಾತ ತೊಳೆದು ಬೋರಲು ಹಾಕಿತ್ತು. ಹಂಚು ಒರೆಸಿತ್ತು. ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಅರಿವೆ ಕಟ್ಟಿತ್ತು.

"ಯಾರರೇ ಏನರೇ ಅಂದ್ರೇನು?" ಕಾಂತಾಬಾಯಿ ಕೇಳಿದಳು.

"ಯಾರೇನ್ ಅಂತಾರ್ರಿ. ಮೊದಲ ನಾಕು ದಿನ ಚಂದ ಬಡದ್ಳು. ನನ್ನ ಊಟದ ಮಂದಿ ರೊಟ್ಟಿ ನೋಡಿ ಪಲ್ಯ ಮರತ್ರು. ಆಮ್ಯಾಲ ದಿನಾ ಕಡಿಮಿ, ದಿನಾ ಕಡಿಮಿ. ಮೈಯಾಗ ಹುಷಾರಿಲ್ಲೇನಬೇ ಅಂದ್ರ ಇಲ್ಲ ಅಣ್ಣಾ, ಅರಾಮ ಅದೀನಿ ಅಂತಿದ್ಳು. ಒಮ್ಮೊಮ್ಮಿ ನಾನೇ ಬಗ್ಗಿ ನೋಡೀನಿ, ಹಿಟ್ಟು ನಾದಿಕೊಂಡು ಸುಮ್ಮ ಕುಂತಿರ್ತಿದ್ಳು. ಗ್ವಾಡಿ ನೋಡ್ಕೋತ."

"ನನಗ ಒಂದು ಫೋನ್ ಮಾಡಬಾರದಿತ್ತೇನ್ರಿ ನೀವು?"

"ಮಾಡ್ತೇನಿ ಅಂದೆ. ಮೌಶೀಗಿ ಹೇಳಬ್ಯಾಡ್ರಿ ಅಂತ ಕೈ ಮುಗದ್ಳು." ದತ್ತಾತ್ರಿ ತಲೆ ಕೆರೆದುಕೊಂಡ. "ನೋಡ್ರಿ ಅಕ್ಕೋರ, ನನಗ ಆಕೀ ಮ್ಯಾಲ ಸಿಟ್ಟಿಲ್ಲ. ಖರೆ ರೊಟ್ಟಿ ಇಲ್ದ ಖಾನಾವಳಿ ನಡಿಯಂಗಿಲ್ಲ. ಭಾತಂಬ್ರಾದಾಕಿ ಒಬ್ಬಾಕಿ ಬರ್ತೇನಿ ಅಂದಾಳ. ನಾಳಿ ಮುಂಜಾನಿ ತನಕ ನೋಡ್ತೇನಿ. ಆಮ್ಯಾಲ ಖೋಲಿ ಆಕೀಗಿ ಕೊಡಬೇಕಾಗ್ತದ."

ಭಾಲ್ಕಿಯಿಂದ ಔರಾದಿಗೆ ಹೋಗುವಾಗ ಕಾಂತಾಬಾಯಿ ಕಿಟಕಿಯ ಆಚೆ ನೋಡುತ್ತಿದ್ದಳು, ಏನೂ ಕಾಣುತ್ತಿರಲಿಲ್ಲ. ರೊಟ್ಟಿ ಬರುತ್ತದೆ, ಒಲೆ ಇದೆ, ಒಳ್ಳೆಯ ಮಾಲಕ, ಹೊಗಳುವ ಊಟದವರು. ಇಷ್ಟಿದ್ದೂ ಗೋಡೆ ನೋಡುತ್ತ ಕೂರುವುದೆಂದರೆ ಏನು? ಔರಾದಿನಲ್ಲಿ ಇಲ್ಲದಿದ್ದರೆ ಮುಂದೆ ಎಲ್ಲಿ ಹುಡುಕಬೇಕು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಔರಾದಿನಲ್ಲಿ ಇರುವುದೇ ಸಾಧ್ಯವಿಲ್ಲ ಅಂತಲೂ ಅನ್ನಿಸುತ್ತಿತ್ತು. ಗಂಡ ಬಿಟ್ಟಾಗ ತಾಯಿ ಜಿಜಾಬಾಯಿ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಳೆಂದು ಮಾಯಾ ಒಮ್ಮೆ ಹೇಳಿದ್ದಳು.

ಅಮರೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮೂವರನ್ನು ಕೇಳಿ ಜಿಜಾಬಾಯಿಯ ಮನೆ ಹಿಡಿದಳು. ಮಾಯಾ ಅಲ್ಲೇ ಇದ್ದಳು. ಅಂಗಳದಲ್ಲಿ ಬೇಳೆ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ನಿಂತಳು. ಅಳಲಿಲ್ಲ, ನಗಲಿಲ್ಲ.

"ಬರ್ರಿ ಮೌಶಿ. ನೀರ್ ತರ್ತೇನಿ."

ಒಳಗಿನಿಂದ ಜಿಜಾಬಾಯಿ ಬಂದಳು. ಸೊಂಟ ಬಾಗಿದ, ನಾಲಿಗೆ ಬಾಗದ ಮುದುಕಿ. "ಇವರೇನು ಬೀದರದವರು? ಕುಂದರ್ರಿ. ನೀವು ಕಳಸಿದ್ರಿ, ನಾನು ಇಟ್ಕೊಂಡೀನಿ. ನಾ ಕಳಸಿದಾಗ ನೀವು ಇಟ್ಕೊಂಡಿದ್ರಿ. ಲೆಕ್ಕ ಬರೋಬ್ಬರಿ ಆತು."

"ಅವ್ವಾ, ಸುಮ್ಮನಿರು," ಎಂದಳು ಮಾಯಾ.

"ಸುಮ್ಮನೇ ಅದೀನಿ. ಹೇಳೂದು ಹೇಳೀನಿ."

ಮಾಯಾ ನೀರಿನ ಚಂಬು ಕೊಟ್ಟು ಎದುರಿಗೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಾಂತಾಬಾಯಿಗೆ ಕೈಜಾರಿ ಹೋದವು. "ನಮ್ಮ ಮನಿಗಿ ಯಾಕ ಬರಲಿಲ್ಲವ್ವ?" ಎಂದಷ್ಟೇ ಕೇಳಿದಳು.

"ಹ್ಯಾಂಗ ಬರ್ಲಿ?" ಮಾಯಾ ನೆಲ ನೋಡುತ್ತ ಹೇಳಿದಳು. "ಉಡಿ ತುಂಬಿ ಕಳಸಿದ್ರಿ."

"ಮಗಳಂತ ತುಂಬೀನಿ."

"ಹೌದು. ಮಗಳಿಗೇ ತುಂಬ್ತಾರ. ಗಂಡ ಹೊರಗ ಹಾಕಿದಾಗ ಈ ಬಾಗಲಿಗಿ ಬಂದಿದ್ದೆ. ಅವ್ವ ಏನಂದ್ಳು, ಆಕೀನ್ನೇ ಕೇಳ್ರಿ. ಉಡಿ ತುಂಬಿ ಕಳಸೀವಿ, ಸತ್ರೂ ಅದೇ ನಿನ್ನ ಮನಿ, ತಿರಗಿ ಬರಬಾರ್ದು ಅಂದ್ಳು. ನೀವು ಅಕ್ಕಿ ಹಾಕುವಾಗ ನನ್ನ ಕಿವ್ಯಾಗ ಅದೇ ಮಾತು. ಇಲ್ಲೀಗೂ ಮುಗೀತು ಅನಕೊಂಡೆ."

ಜಿಜಾಬಾಯಿ ಗೋಡೆಯ ಕಡೆ ಮುಖ ಮಾಡಿದಳು. "ಅಂದಿದ್ದೆ," ಎಂದಳು ಯಾರಿಗೋ ಎಂಬಂತೆ. "ಎಲ್ಲಾರೂ ಹಂಗೇ ಅಂತಿದ್ರು. ನಾನೂ ಅಂದೆ. ಈ ಸಲ ಅನ್ನಲಿಲ್ಲ."

ಓಣಿಯೆಲ್ಲ ನೋಡಲಿ ಎಂದು, ಇವಳಿಗೆ ಇರದ ತವರಾಗಲಿ ಎಂದು ಮಾಡಿದ್ದು. ಅದೇ ಇವಳಿಗೆ ಬಾಗಿಲು ಹಾಕಿದಂತೆ ಆಗಿತ್ತು. ಹಾಗಾದರೆ ಸುಮ್ಮನೆ ಚೀಲ ಕೈಗೆ ಕೊಟ್ಟು ಹೋಗಿ ಬಾ ಎಂದಿದ್ದರೆ ಸರಿಹೋಗುತ್ತಿತ್ತೇ?

"ಭಾಲ್ಕ್ಯಾಗ ಏನು ತ್ರಾಸ ಆತು?"

"ತ್ರಾಸ ಇಲ್ರಿ. ದತ್ತಾತ್ರಿ ಅಣ್ಣ ಚಲೋ ಅದಾರ. ಖರೆ ಕೈ ಓಡಲಿಲ್ಲ." ಮಾಯಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು, ಬೇರೆಯವರದೋ ಎಂಬಂತೆ. "ನಿಮ್ಮ ಮನ್ಯಾಗ ಐದು ಮಂದಿ ಬಡೀತಿದ್ವಿ. ಬಾಜೂಕ ಸಪ್ಪಳ ಇರ್ತಿತ್ತು. ಅಲ್ಲಿ ನಾ ಒಬ್ಬಾಕೀನೇ ಬಡೀಬೇಕು, ನಾ ಒಬ್ಬಾಕೀನೇ ಕೇಳ್ಬೇಕು. ಒಂದು ರೊಟ್ಟಿ ಆದ ಮ್ಯಾಲ ಇನ್ನೊಂದು ಯಾಕ ಬಡೀಬೇಕು ಅನಸ್ತಿತ್ತು. ಇದನ್ನ ಯಾರಿಗಿ ಹೇಳೂದು? ಹೇಳಿದ್ರ ನಗ್ತಾರ."

ಕಾಂತಾಬಾಯಿ ನಗಲಿಲ್ಲ. ಈಗ ನಮ್ಮ ಮನಿಗಿ ನಡಿ ಎಂದು ಹೇಳುವುದು ಬಲು ಸುಲಭವಿತ್ತು. ಮಾತು ತುದಿನಾಲಿಗೆಗೆ ಬಂತು. ಅದರ ಹಿಂದೆಯೇ ಜುಲ್ಫೀಕಾರನ ಮುಖ ಬಂತು. ಮಾತು ನುಂಗಿಕೊಂಡಳು.

"ಮಾಯಾ, ಒಂದು ಹೇಳ್ತೇನಿ. ಜುಲ್ಫೀಕಾರ ನಿನ್ನ ಕೈ ರೊಟ್ಟಿ ಬೇಕು ಅಂದ ಮ್ಯಾಲೇ ನಾ ಭಾಲ್ಕಿ ಮಾತು ತಗದೆ. ನಿನ್ನ ಚಲೋದಕ್ಕ ಕಳಸೀನೋ, ನನ್ನ ಕಣ್ಣ ಮುಂದಿಂದ ಸರಸೀನೋ, ನನಗ ತಿಳೀವಲ್ದು. ಈಗ ಕರೀಲಾಕ ಬಂದೀನಿ. ಇದು ನಿನ್ನ ಸಲುವಾಗೋ, ನನ್ನ ಬುಟ್ಟಿ ಸಲುವಾಗೋ, ಅದೂ ತಿಳೀವಲ್ದು. ಎರಡು ದಿನ ಆತು, ತಲಿ ಹಣ್ಣಾಗ್ಯಾದ."

ಮಾಯಾ ಕೆಳಗಿಟ್ಟ ಮೊರವನ್ನು ಹತ್ತಿರ ಎಳೆದುಕೊಂಡಳು. "ನಾನೂ ಅದನ್ನ ವಿಚಾರ ಮಾಡೀನ್ರಿ," ಎಂದಳು. "ಹೊಟ್ಟಿಕಿಚ್ಚಿದ್ರ ಇಷ್ಟು ಚಂದ ಕಲಸ್ತಿರಲಿಲ್ಲ ಅನಸ್ತಿತ್ತು. ಮಗಳಾಗಿದ್ರ ಒಂದು ಮಾತು ಕೇಳ್ತಿದ್ರಿ ಅಂತನೂ ಅನಸ್ತಿತ್ತು. ನನಗೂ ತಿಳೀಲಿಲ್ಲ."

"ಕೇಳಿದ್ರ ಏನಂತಿದ್ದಿ?"

"ಗೊತ್ತಿಲ್ಲ. ಕೇಳಲಿಲ್ಲಲ್ಲ."

ಊಟದ ಹೊತ್ತಾಗಿತ್ತು. ಜಿಜಾಬಾಯಿ ಒಲೆ ಹಚ್ಚಿ, ಬಂದವರಿಗೆ ಎರಡು ರೊಟ್ಟಿ ಬಡಿ ಎಂದು ಮಗಳಿಗೆ ಹೇಳಿದಳು. ಮಾಯಾ ಹಿಟ್ಟು ನಾದಿ ಕೂತಳು. ಕಾಂತಾಬಾಯಿಗೆ ಕೈಕಟ್ಟಿ ಕೂರುವುದು ಗೊತ್ತಿಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು, ಬೇರೆ ಪರಾತ ಸಿಗದೆ ಕಟ್ಟಿಗೆಯ ಮಣೆಯನ್ನೇ ಬೋರಲು ಹಾಕಿ ಪಕ್ಕದಲ್ಲಿ ಕೂತಳು. ಮೊದಲ ರೊಟ್ಟಿ ಇಬ್ಬರದೂ ನಿಧಾನವಾಗಿ ಆಯಿತು. ಎರಡನೆಯದಕ್ಕೆ ಮಾಯಾಳ ಬಡಿತ ಚುರುಕಾಯಿತು. ಮೂರನೆಯದಕ್ಕೆ ಕಾಂತಾಬಾಯಿಯದೂ. ಇಪ್ಪತ್ತಮೂರು ದಿನದಿಂದ ತನ್ನ ಕೈಯೂ ಮಂದವಾಗಿತ್ತೆಂಬುದು ಆಗ ಅವಳಿಗೆ ಗೊತ್ತಾಯಿತು. ವಯಸ್ಸಾಯಿತು ಎಂದು ತಿಳಿದುಕೊಂಡಿದ್ದಳು. ಒಬ್ಬರು ಬಡಿದದ್ದನ್ನು ಇನ್ನೊಬ್ಬರು ಹಂಚಿಗೆ ಹಾಕಿದರು, ಅವರು ಬಡಿದದ್ದನ್ನು ಇವರು ತಿರುವಿದರು.

"ಸಾಕು ಮಾಡ್ರೇ," ಜಿಜಾಬಾಯಿ ಹಿಂದಿನಿಂದ ಕೂಗಿದಳು. "ಇರೂದು ಮೂರು ಮಂದಿ. ನಾಳಿ ಹಿಟ್ಟಿಗಿ ಏನ್ ನಿಮ್ಮ ಬೀದರಕ್ಕ ಬರ್ಲಿ?"

ಮಾಯಾ ಆಗ ನಕ್ಕಳು. ನಗುವಾಗಲೇ ಮುಂಗೈಯಿಂದ ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಹತ್ತಿತು.

ಉಂಡ ಮೇಲೆ ಕಾಂತಾಬಾಯಿ ಕೇಳಿದಳು: "ನಿನಗ ಏನ್ ಬೇಕವ್ವ? ಭಾಲ್ಕಿ, ಬೀದರ, ಇಲ್ಲೇ. ಯಾವುದಂದ್ರೂ ನಡೀತದ."

"ಏನಂತ ಹೇಳ್ಲಿ, ಇಷ್ಟು ದಿನ ಯಾರೂ ಕೇಳಿಲ್ಲ," ಮಾಯಾ ತಾಟು ಎತ್ತುತ್ತ ಹೇಳಿದಳು. "ಒಮ್ಮಿಗೇ ಕೇಳಿದ್ರ ಹ್ಯಾಂಗ್ರಿ? ಎಂಟು ದಿನ ಕೊಡ್ರಿ."

ಕೊಡುವುದಕ್ಕೆ ಎಂಟು ದಿನ ಎಲ್ಲಿದ್ದವು? ದತ್ತಾತ್ರಿ ಕೊಟ್ಟದ್ದು ನಾಳೆ ಮುಂಜಾನೆಯ ತನಕ. ಅದನ್ನು ಕಾಂತಾಬಾಯಿ ಹೇಳಲಿಲ್ಲ. ಹೇಳಿದರೆ ಮತ್ತೆ ಕುತ್ತಿಗೆಯ ಮೇಲೆ ಕೂತಂತೆ ಆಗುತ್ತದೆ ಅನ್ನಿಸಿತು. ಆಗಲವ್ವ ಎಂದು ಚೀಲ ಎತ್ತಿಕೊಂಡು ಹೊರಬಿದ್ದಳು.

ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು. ಒಂದು ಬೀದರಿಗೆ, ಒಂದು ಭಾಲ್ಕಿಗೆ. ನಡೆದು ಬರುವಾಗಲೇ ಅವಳ ತಲೆಯಲ್ಲಿ ಒಂದು ಉಪಾಯ ಗಟ್ಟಿಯಾಗಿತ್ತು: ಎಂಟು ದಿನ ತಾನೇ ಭಾಲ್ಕಿಯ ಖೋಲಿಯಲ್ಲಿ ಕೂತು ರೊಟ್ಟಿ ಬಡಿದರೆ ದತ್ತಾತ್ರಿ ಬೇರೆಯವರನ್ನು ಕರೆಯುವುದಿಲ್ಲ, ಮಾಯಾಳ ಜಾಗ ಮಾಯಾಳಿಗೆ ಉಳಿಯುತ್ತದೆ. ಬೀದರಿನಲ್ಲಿ ಉಳಿದ ಮೂವರು ಹೇಗೋ ನಡೆಸುತ್ತಾರೆ. ಒಂದು ಕಾಲನ್ನು ಭಾಲ್ಕಿ ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು. ಇಟ್ಟ ಕಾಲನ್ನು ಹಾಗೇ ತಡೆದಳು. ಮಾಯಾಳ ಸಲುವಾಗಿ ಮಾಯಾಳಿಗೇ ಹೇಳದೆ ಮತ್ತೊಂದು ಗೊತ್ತು ಮಾಡುತ್ತಿದ್ದೇನಲ್ಲ. ಇದೂ ಅದೇ ಆಯಿತಲ್ಲ.

ಕಾಲು ಕೆಳಗಿಳಿಸಿ ಫೋನು ಹಚ್ಚಿದಳು. ಈ ಸಲ ಮಾಯಾ ಎತ್ತಿದಳು.

"ದತ್ತಾತ್ರಿ ನಾಳಿಗಿ ಬ್ಯಾರೇದಾಕೀನ್ನ ಕರೀತಾನಂತ. ನಾ ಹೇಳ್ಬಾರ್ದು ಅನಕೊಂಡಿದ್ದೆ. ಎಂಟು ದಿನ ನಾ ಹೋಗಿ ಅಲ್ಲಿ ಬಡದು ಖೋಲಿ ಹಿಡದಿಡ್ಲೇನು? ನಿನ್ನ ಕೇಳ್ಲತ್ತೀನಿ."

"ನೀವು ಹಿಡದಿಟ್ರ ನಾ ಬಂದೇ ಬರ್ಬೇಕಾಗ್ತದಲ್ರಿ," ಎಂದಳು ಮಾಯಾ.

"ಬರಬ್ಯಾಡ."

"ಬರದಿದ್ರ ನಿಮ್ಮ ಎಂಟು ದಿನ ಸುಮ್ಮ ಹೋಗ್ತಾವ."

"ಹೋಗ್ಲಿ."

"ಮತ್ತ ಯಾಕ ಕುಂದರ್ತೀರಿ ಮೌಶಿ?"

ಕಂಡಕ್ಟರು ಬಾಗಿಲಿಗೆ ಬಡಿದು, ಹತ್ತೂದಿದ್ರ ಹತ್ರಿ ಎಂದ. ಕಾಂತಾಬಾಯಿ ಅವನಿಗೆ ತಾಳು ಎಂದು ಕೈ ಮಾಡಿದಳು. ಯಾಕೆ ಎಂಬುದಕ್ಕೆ ನಾಲ್ಕೈದು ಉತ್ತರಗಳು ಬಂದವು, ಯಾವುದೂ ಪೂರಾ ಖರೆ ಅನ್ನಿಸಲಿಲ್ಲ.

"ಅದು ಗೊತ್ತಿಲ್ಲವ್ವ. ಕುಂದರ್ಲೋ ಬ್ಯಾಡೋ, ಅಷ್ಟ ಹೇಳ. ಬ್ಯಾಡ ಅಂದ್ರ ಬೀದರ ಬಸ್ ಹತ್ತತೇನಿ."

ಕಾಂತಾಬಾಯಿ ಕಿವಿಗೆ ಫೋನು ಒತ್ತಿ ಹಿಡಿದು ನಿಂತಳು. ಒಳಗೆ ಜಿಜಾಬಾಯಿ ಏನೋ ಕೇಳಿದ್ದು, ಮಾಯಾ ಏನೋ ಹೇಳಿದ್ದು ಕೇಳಿಸಿತು, ಏನೆಂದು ಗೊತ್ತಾಗಲಿಲ್ಲ.

"ಕುಂದರ್ರಿ," ಎಂದಳು ಮಾಯಾ. "ನಾಕು ದಿನ ಕುಂದರ್ರಿ. ಐದನೇ ದಿನ ನಾನೇ ಫೋನ್ ಮಾಡ್ತೇನಿ. ಬರ್ತೇನಿ ಅಂತ ಅಲ್ಲ. ಏನಂತ ಹೇಳ್ತೇನಿ."

ಕಾಂತಾಬಾಯಿ ಬಸ್ಸು ಹತ್ತಿ ಕೂತಳು. ಬದಲಿಗೆ ಸೀರೆ ತಂದಿಲ್ಲ ಎಂಬುದು ಬಸ್ಸು ಊರು ದಾಟಿದ ಮೇಲೆ ನೆನಪಾಯಿತು. ಮಾಯಾ ಬರಲಿ ಎಂದು ತನಗೆ ಆಸೆಯಿದೆಯೋ, ಬಾರದಿರಲಿ ಎಂದಿದೆಯೋ, ಬಂದರೆ ಎಲ್ಲಿಗೆ ಬರಲಿ ಎಂದಿದೆಯೋ, ಎಷ್ಟು ಸಲ ಕೇಳಿಕೊಂಡರೂ ಮನಸ್ಸು ಒಂದೊಂದು ಸಲ ಒಂದೊಂದು ಹೇಳುತ್ತಿತ್ತು. ಅಷ್ಟರಲ್ಲಿ ಹಣಮಂತಪ್ಪನ ಫೋನು ಬಂತು.

"ಎಲ್ಲಿದ್ದಿ? ಸಿಕ್ಳೇನು ಆಕಿ?"

"ಸಿಕ್ಳು. ಔರಾದದಾಗ ಅದಾಳ. ನಾ ಭಾಲ್ಕಿಗಿ ಹೊಂಟೀನಿ. ನಾಕು ದಿನ ಬರಂಗಿಲ್ಲ, ದತ್ತಾತ್ರಿ ರೊಟ್ಟಿ ನಾನೇ ಬಡೀತೇನಿ."

"ಆಕಿ ಅಲ್ಲಿ, ನೀ ಭಾಲ್ಕ್ಯಾಗ. ಇಲ್ಲಿ ಜುಲ್ಫೀಕಾರಗ ನಾ ಬಡದು ಕೊಡ್ಲೇನು? ಇದೆಲ್ಲಾ ಯಾಕ ಮತ್ತ?"

"ಹೇಳ್ತೇನ್ರಿ," ಎಂದಳು ಕಾಂತಾಬಾಯಿ. "ಮೊದಲ ನನಗ ತಿಳೀಲಿ, ಆಮ್ಯಾಲ ನಿಮಗ ಹೇಳ್ತೇನಿ."